ವಾಟ ಕೇಳಿದರೆ ಹುಂಜ

ನಮ್ಮ ಬ್ವಾಯಿಸೆಯಲ್ಲಿ ನೀರಿಗೇನೂ ಬರವಿಲ್ಲ. ಎರಡು ತಾಸು ಮಳೆ ಹೊಯ್ದರೆ ಸಾಕು, ದೊಡ್ಡ ಮೋರಿ ಉಕ್ಕಿ ಮಂಚದ ಕಾಲು ಮುಳುಗುತ್ತದೆ, ಚಪ್ಪಲಿಗಳು ಹೇಳದೆ ಕೇಳದೆ ಪಕ್ಕದ ಮನೆಗೆ ಹೋಗಿಬಿಡುತ್ತವೆ. ಕಂಪಾಲಾದ ಅಷ್ಟೂ ಗುಡ್ಡಗಳ ಕೊಳೆ ತೊಳೆದುಕೊಂಡು ನಮ್ಮ ತಗ್ಗಿಗೆ ಬಂದು ನಿಲ್ಲುವ ಆ ನೀರನ್ನು ಹಂದಿಯೂ ಮೂಸುವುದಿಲ್ಲ. ಕುಡಿಯುವ ನೀರು ಬೇಕೆಂದರೆ ಮೋರಿ ದಾಟಿ, ಆಚೆ ದಡದ ನಲ್ಲಿಯಲ್ಲಿ ಸಾಲು ನಿಂತು, ದುಡ್ಡು ಕೊಟ್ಟು, ಹಳದಿ ಕ್ಯಾನು ತುಂಬಿಸಿ ತರಬೇಕು. ನೀರಿನಲ್ಲೇ ನಿಂತು ನೀರಿಗಾಗಿ ಬಾಯಿ ಬಿಡುವ ಜನ ನಾವು. ನೆನೆಸಿಕೊಂಡರೆ ಮೈ ಉರಿಯುತ್ತದೆ. ನಲವತ್ತು ವರ್ಷದಿಂದ ಉರಿಯುತ್ತಲೇ ಇದೆ.

ನಾನು ಬೆಳಗಾಗುತ್ತಲೇ ಕಟೊಗೊ ಮಾರುವವಳು. ಮಟೊಕೆ ಬಾಳೆಕಾಯಿಯನ್ನು ದನದ ಕರುಳಿನ ಜೊತೆ ಬೇಯಿಸಿ ಬಾಡಿಗೆ ಬೈಕಿನವರಿಗೆ ತಟ್ಟೆಗೆ ಬಡಿಸುತ್ತೇನೆ. ಕರುಳು ತೊಳೆಯುವುದಕ್ಕೇ ಎರಡು ಕ್ಯಾನು ಬೇಕು, ಎಲ್ಲ ಸೇರಿ ಆರು. ನನ್ನ ಬಲಮಂಡಿ ನಾಲ್ಕು ವರ್ಷದ ಹಿಂದೆಯೇ ಕೈಕೊಟ್ಟಿತು. ಅಂದಿನಿಂದ ಆ ಆರು ಕ್ಯಾನುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ಮೋರಿಗೆ ಅಡ್ಡ ಹಾಕಿದ ಎರಡು ಹಲಗೆ ದಾಟಿ ತರುವವಳು ನನ್ನ ಮಗಳು ನಬ್ಬೋಸ. ಅವಳ ಗಂಡನ ಮನೆ ಎರಡು ಓಣಿ ಆಚೆ. ಬೆಳಗಿನ ಜಾವವೇ ಎದ್ದು ಬರುತ್ತಾಳೆ.

ಅವಳಿಗೆ ಈಗ ಏಳು ತಿಂಗಳು. ಹೋದ ವರ್ಷ ಐದು ತಿಂಗಳಿದ್ದಾಗ, ನಾಲ್ಕನೆಯ ಕ್ಯಾನು ಇಳಿಸಿದವಳು ನನ್ನ ಬಾಗಿಲಲ್ಲೇ ಕುಸಿದು ಕೂತಳು. ಮಗು ಉಳಿಯಲಿಲ್ಲ. ಯಾರೂ ಯಾರನ್ನೂ ಏನೂ ಅನ್ನಲಿಲ್ಲ. "ಬೇಡ ಕಣೆ, ಈ ಸಲ ನೀನು ಹೊರಬೇಡ" ಎಂದು ದಿನವೂ ಹೇಳುತ್ತೇನೆ. ಹೇಳುತ್ತಲೇ ಖಾಲಿ ಕ್ಯಾನುಗಳನ್ನು ಬಾಗಿಲಾಚೆ ಇಡುತ್ತೇನೆ. ಕೂಲಿಯವರ ಕೈಲಿ ನೀರು ಹೊರಿಸಿದರೆ ಕಟೊಗೊ ಮಾರಿ ಉಳಿಯುವುದು ಏನೂ ಇಲ್ಲ. ಕಟೊಗೊ ನಿಲ್ಲಿಸಿದರೆ ಒಲೆಯೇ ಇಲ್ಲ. ನನ್ನ ಮೇಲೆ ನನಗಿರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಇಲ್ಲ. ಆದರೆ ಅದನ್ನು ಬೇರೆಯವರ ಮೇಲೆ ತೀರಿಸಿಕೊಳ್ಳುವುದು ಸುಲಭ.

ಇದಕ್ಕೆಲ್ಲ ಪರಿಹಾರ ನಮ್ಮ ತಲೆಯ ಮೇಲೇ ಇದೆ, ತಗಡಿನ ಮೇಲೆ. ನಮ್ಮ ಓಣಿಯ ಹನ್ನೆರಡು ಹೆಂಗಸರು ಚೀಟಿ ಹಾಕಿಕೊಂಡಿದ್ದೇವೆ. ಯಾರ ಹೆಸರು ಬರುತ್ತದೋ ಅವರ ಮನೆಗೆ ಒಂದು ಮಳೆನೀರಿನ ಗುಡಾಣ. ಕೋಳಿಗೂಡಿನ ಜಾಲರಿಯನ್ನು ದುಂಡಗೆ ಸುತ್ತಿ, ಒಳಗೂ ಹೊರಗೂ ಸಿಮೆಂಟು ಮೆತ್ತಿ, ಮೋರಿ ನೀರು ಮುಟ್ಟದ ಹಾಗೆ ಕಟ್ಟೆಯ ಮೇಲೆ ಕೂರಿಸುತ್ತಾರೆ. ಸೂರಿನ ಅಂಚಿಗೆ ಉದ್ದಕ್ಕೂ ತಗಡಿನ ದೋಣಿ ಕಟ್ಟಿ, ಅದರ ತುದಿಯನ್ನು ಗುಡಾಣದ ಬಾಯಿಗೆ ಬಿಡುತ್ತಾರೆ. ಅಷ್ಟೇ. ಯಂತ್ರವಿಲ್ಲ, ಕರೆಂಟಿಲ್ಲ, ಯಾವ ಆಫೀಸಿಗೂ ಅರ್ಜಿ ಹಾಕಬೇಕಾಗಿಲ್ಲ. ಈ ವರ್ಷ ಚೀಟಿಯಲ್ಲಿ ನನ್ನ ಹೆಸರು ಬಂತು. ಮಳೆಗಾಲಕ್ಕೆ ಇನ್ನು ಮೂರೇ ವಾರ ಇತ್ತು, ಮಗಳ ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು. ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಕಣ್ಣು ಬಿಟ್ಟವನು ಪೂರ್ತಿ ಬಿಡಲಿಲ್ಲ. ಬಿರುಕು ಬಿಡದ ಗುಡಾಣ ಕಟ್ಟುವ ಮೇಸ್ತ್ರಿ ನಮ್ಮ ಕಡೆ ಒಬ್ಬನೇ. ಅವನು ಕಯೊಂಡೊ, ನನ್ನ ನಬ್ಬೋಸಳ ಗಂಡ.

ನಮ್ಮಲ್ಲಿ ಅತ್ತೆ ಅಳಿಯ ಮುಖ ನೋಡಬಾರದು. ಒಂದೇ ಸೂರಿನಡಿ ಇರಬಾರದು. ಮುಟ್ಟಿದರಂತೂ ಒಬುಕೊ ಹಿಡಿಯುತ್ತದೆ, ಸಾಯುವ ತನಕ ಕೈ ನಡುಗುತ್ತದೆ. ಎಲ್ಲಾದರೂ ತಪ್ಪಾದರೆ ಹುಂಜ ಕಳಿಸಿ ಸರಿಮಾಡಿಕೊಳ್ಳಬೇಕು. ಈಗ ಪೇಟೆಯಲ್ಲಿ ಅರ್ಧ ಜನ ಇದನ್ನೆಲ್ಲ ಬಿಟ್ಟಿದ್ದಾರೆ. ನನ್ನ ಅಳಿಯ ಆ ಅರ್ಧ ಜನರ ಪಾಲನ್ನೂ ಸೇರಿಸಿ ಪಾಲಿಸುತ್ತಾನೆ. ಎರಡು ವರ್ಷದಲ್ಲಿ ನಲವತ್ತು ಮನೆಗೆ ಗುಡಾಣ ಕಟ್ಟಿದವನು ನನ್ನ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಚೀಟಿಯ ಹೆಂಗಸರು ಬಲವಂತ ಮಾಡಿದ ಮೇಲೆ ಬಂದ. ಮೂರು ದಿನ ಕೆಲಸ ಮಾಡಿದ, ಮೂರು ದಿನವೂ ನಾನು ಪರದೆ ಇಳಿಬಿಟ್ಟ ಬಾಗಿಲ ಹಿಂದೆ ಜೈಲಿನಲ್ಲಿದ್ದ ಹಾಗೆ ಕೂತೆ. ನಾನು ಒಳಗೆ ಕೆಮ್ಮಿದರೆ ಅವನ ಕರಣೆಯ ಸದ್ದು ನಿಲ್ಲುತ್ತಿತ್ತು. ನನ್ನ ಬಾಗಿಲಿನ ಕಡೆಗೆ ಬೆನ್ನು ತಿರುಗಿಸಿಕೊಂಡೇ ಅಡ್ಡಡ್ಡ ನಡೆದು ಸಿಮೆಂಟು ಕಲಸಿದನಂತೆ. ಊಟದ ತಟ್ಟೆಯನ್ನು ಪಕ್ಕದ ಕೋಣೆಯ ತೊಪಿಸ್ತಾ ಅವನಿಗೆ ದಾಟಿಸುತ್ತಿದ್ದಳು, ದಾಟಿಸುವಾಗ ಒಂದು ತುಂಡು ಕಡಿಮೆಯಾಗುತ್ತಿತ್ತು.

ಈಗ ಕೇಳಿ. ದೋಣಿ ಕಟ್ಟಿದ ಮೇಲೆ ಒಂದು ಪರೀಕ್ಷೆ ಇದೆ. ಅದನ್ನು ಈ ಕೇರಿಗೆ ಕಲಿಸಿದವನೇ ಅವನು. ಮೇಸ್ತ್ರಿ ಮೇಲೆ ನಿಂತು ದೋಣಿಯ ದೂರದ ತುದಿಗೆ ಒಂದು ಚೊಂಬು ನೀರು ಸುರಿಯಬೇಕು. ಮನೆಯೊಡತಿ ಕೆಳಗೆ ಗುಡಾಣದ ಬಾಯಿ ನೋಡುತ್ತಾ ನಿಂತು "ಬಂತು" ಎನ್ನಬೇಕು. ಬಂತು ಎಂದರೆ ವಾಟ, ಅಂದರೆ ದೋಣಿಯ ಇಳಿಜಾರು, ಸರಿ ಇದೆ ಎಂದರ್ಥ. ಮೇಲೊಬ್ಬರು, ಕೆಳಗೊಬ್ಬರು, ಇಬ್ಬರಿಲ್ಲದೆ ಆಗುವುದಿಲ್ಲ. ನಲವತ್ತು ಮನೆಯಲ್ಲಿ ಮಾಡಿದ. ನಲವತ್ತೊಂದನೆಯ ಮನೆಯೊಡತಿ ಅತ್ತೆ. ಅವಳನ್ನು ಹೇಗೆ ಹೊರಗೆ ಕರೆಯುವುದು, ಕೆಳಗೆ ನಿಲ್ಲಿಸಿಕೊಂಡು ಅವಳ ತಲೆಯ ಮೇಲೆ ಕಾಲು ಇಳಿಬಿಟ್ಟು ಹೇಗೆ ನಿಲ್ಲುವುದು? ಮಹಾಶಯ ಪರೀಕ್ಷೆ ಮಾಡದೆ ಸಾಮಾನು ಕಟ್ಟಿಕೊಂಡು ಹೋದ.

ಮೊದಲ ಮಳೆ ಒಂದು ಶನಿವಾರ ಮಧ್ಯಾಹ್ನ ಬಂತು. ನಾನು ಗುಡಾಣದ ಪಕ್ಕ ಸ್ಟೂಲು ಹಾಕಿಕೊಂಡು, ತಲೆಗೊಂದು ಪ್ಲಾಸ್ಟಿಕ್ ಸುತ್ತಿಕೊಂಡು ಕೂತೆ. ತಗಡಿನ ಮೇಲೆ ಮಳೆ ದಬದಬ ಬೀಳುತ್ತಿದೆ, ದೋಣಿಯಲ್ಲಿ ನೀರು ಹರಿಯುವ ಸದ್ದು ಚೆನ್ನಾಗಿಯೇ ಕೇಳುತ್ತಿದೆ, ಗುಡಾಣದೊಳಗೆ ಮಾತ್ರ ಹನಿಯಿಲ್ಲ. ತಿರುಗಿ ನೋಡಿದರೆ ದೋಣಿಯ ಇನ್ನೊಂದು ತುದಿಯಿಂದ ನೀರು ಧೋ ಎಂದು ತೊಪಿಸ್ತಾಳ ಬಾಗಿಲ ಮುಂದೆ ಬೀಳುತ್ತಿತ್ತು. ಅವಳು ಮೂರು ಬೇಸಿನ್ನು, ಒಂದು ಬಕೆಟ್ಟು, ಕೊನೆಗೆ ಮಕ್ಕಳು ಕಕ್ಕಸಿಗೆ ಕೂರುವ ಪಾಟಿಯನ್ನೂ ತಂದಿಟ್ಟಿದ್ದಳು.

"ಏನೇ ತೊಪಿಸ್ತಾ ಇದು?"

"ನಾನೇನ್ ಮಾಡ್ಲಿ ಅಕ್ಕ? ಅದಾಗೇ ಬರ್ತಿದೆ. ಚೀಟೀಲಿ ನಿಂದಾದ್ಮೇಲೆ ನಂದೇ ಅಲ್ವಾ, ದೇವರು ಸ್ವಲ್ಪ ಮುಂಚೆ ಕೊಟ್ಟ ಅನ್ಕೊ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನ ನಬ್ಬೋಸ ಎಂದಿನಂತೆ ಆರು ಕ್ಯಾನು ಹೊತ್ತಳು. ಹೊಸ ಗುಡಾಣ ಪಕ್ಕದಲ್ಲಿ ಹೊಟ್ಟೆ ಊದಿಸಿಕೊಂಡು ಸುಮ್ಮನೆ ಕೂತಿತ್ತು.

"ನಿನ್ನ ಗಂಡನಿಗೆ ಹೇಳು, ದೋಣಿ ವಾಟ ಉಲ್ಟಾ ಆಗಿದೆ. ಗುಡಾಣದ ಕಡೆ ಎರಡು ಬೆರಳು ಇಳಿಸ್ಬೇಕು. ಬೇರೇನೂ ಬೇಡ."

ಸಂಜೆ ಅವಳು ಕಂಕುಳಲ್ಲಿ ಒಂದು ಹುಂಜ ಇಟ್ಟುಕೊಂಡು ಬಂದಳು.

"ಏನೇ ಇದು?"

"ಅವರು ಕೊಟ್ಟಿದ್ದಮ್ಮ. 'ಅತ್ತೆಮ್ಮಂಗೆ ಬೇಜಾರಾಗಿದ್ಯಾ' ಅಂತ ಕೇಳಿದ್ರು. ಆಗಿದೆ ಅಂದೆ."

"ವಾಟ ಕೇಳಿದ್ದು ನಾನು, ವಾಟ! ಹುಂಜ ಅಲ್ಲ!"

"ವಾಟದ್ದೂ ಹೇಳ್ದೆ. ತಪ್ಪಾಯ್ತು ಅನ್ನು ಅಂದ್ರು."

ಅಳಿಯ ತಪ್ಪೊಪ್ಪಿಕೊಂಡು ಕಳಿಸಿದ ಹುಂಜವನ್ನು ವಾಪಸು ಕೊಟ್ಟರೆ ಸಂಬಂಧ ಹರಿಯುತ್ತದೆ. ತಿಂದರೆ ತಪ್ಪು ಮನ್ನಿಸಿದ ಹಾಗೆ. ಮನ್ನಿಸಲು ನನಗೆ ಮನಸ್ಸಿರಲಿಲ್ಲ. ಅದನ್ನು ಮಂಚದ ಕಾಲಿಗೆ ಕಟ್ಟಿದೆ. ಬೆಳಗಿನ ಜಾವ ಮೂರಕ್ಕೇ ಕೂಗುತ್ತಿತ್ತು, ಮೇಲಾಗಿ ಅದಕ್ಕೂ ಕುಡಿಯಲು ನೀರು ಬೇಕು. ನೀರು ಹೊರುವವಳು ಯಾರು?

ಎರಡನೆಯ ಸಲ ಬಾಯಿಪಾಠ ಮಾಡಿಸಿ ಕಳಿಸಿದೆ. ಬೇಜಾರಿಲ್ಲ ಅನ್ನು, ಸಿಟ್ಟಿಲ್ಲ ಅನ್ನು, ಎರಡು ಬೆರಳು ಅನ್ನು. ನಾನು ಸಂತೆಗೆ ಬಾಳೆಗೊನೆ ತರಲು ಹೋದ ಹೊತ್ತು ನೋಡಿ ಅಳಿಯ ಬಂದನಂತೆ, ಏಣಿ ಹತ್ತಿದನಂತೆ. ಈ ಸಲ ಪರೀಕ್ಷೆಯನ್ನೂ ಮಾಡಿದನಂತೆ. ಕೆಳಗೆ ನಿಂತು ನೋಡಿದ್ದು ಯಾರು? ತೊಪಿಸ್ತಾ.

"ನೀರು ಗುಡಾಣಕ್ಕೆ ಬಂತಾ?" ಎಂದು ಅವಳನ್ನು ಹಿಡಿದು ಕೇಳಿದೆ.

"ನೀರು ಬಂತು ಅಕ್ಕ."

"ಎಲ್ಲಿಗೆ ಬಂತು?"

"ಅವನು 'ಬಂತಾ' ಅಂದ, ನಾನು 'ಬಂತು' ಅಂದೆ. ಎಲ್ಲಿಗೆ ಅಂತ ಅವನು ಕೇಳ್ಲಿಲ್ಲಪ್ಪ."

ಅವಳ ಜುಟ್ಟು ಹಿಡಿಯಬೇಕೆನ್ನಿಸಿತು. ಆದರೆ ನನ್ನ ಒಲೆಗೆ ಇದ್ದಿಲು ಸಾಲ ಕೊಡುವವಳೂ ಅವಳೇ. ಬುಧವಾರದ ಮಳೆಯಲ್ಲಿ ಅವಳ ಪಾಟಿ ಮತ್ತೆ ತುಂಬಿತು. ನಾನು ಮತ್ತೆ ಹೇಳಿ ಕಳಿಸಿದೆ. ಮತ್ತೊಂದು ಹುಂಜ ಬಂತು. ಈಗ ಮಂಚದ ಎರಡು ಕಾಲಿಗೆ ಎರಡು ಹುಂಜ, ಒಂದು ಕೂಗಿ ಮುಗಿಸಿದರೆ ಇನ್ನೊಂದು ಶುರು ಮಾಡುತ್ತಿತ್ತು.

"ಅಮ್ಮ, ಅವರನ್ನ ಬೈಬೇಡ" ಎಂದಳು ನಬ್ಬೋಸ, ಬೆನ್ನಿಗೆ ಕೈ ಕೊಟ್ಟು ನಿಂತು. "ನಿನ್ನ ಹೆಸರು ಹೇಳಿದ್ರೆ ಊಟ ಬಿಡ್ತಾರೆ. ರಾತ್ರಿ ಎದ್ದು ಕೂತ್ಕೊಂಡಿರ್ತಾರೆ."

"ಊಟ ಬಿಟ್ರೆ ದೋಣಿ ಇಳಿಯತ್ತಾ?" ಎಂದೆ. ಅವಳು ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು ಐದನೆಯ ಕ್ಯಾನಿಗೆ ಹೋದಳು. ನಾನು ತಡೆಯಲಿಲ್ಲ.

ಅದರ ಮಾರನೆಯ ವಾರ, ಗುರುವಾರ, ಹಲಗೆಯ ಮೇಲೆ ಕೆಸರಿತ್ತು. ಮೂರನೆಯ ಕ್ಯಾನು ಹೊತ್ತು ಬರುವಾಗ ನಬ್ಬೋಸ ಜಾರಿದಳು. ಮೋರಿಗೆ ಬೀಳಲಿಲ್ಲ, ಹಲಗೆಯ ಮೇಲೆಯೇ ಮಗ್ಗುಲಾಗಿ ಬಿದ್ದಳು. ಕ್ಯಾನು ಒಡೆಯಿತು. ಬೈಕಿನವರು ಎತ್ತಿಕೊಂಡು ಹತ್ತಿರದ ಮನೆ ಎಂದು ನನ್ನ ಕೋಣೆಗೇ ತಂದು ಚಾಪೆಯ ಮೇಲೆ ಮಲಗಿಸಿದರು. ಒಲೆಯ ಮೇಲೆ ಕಟೊಗೊ ಸೀದು ಹೋಗುತ್ತಿತ್ತು. ಸೀಯಲಿ ಎಂದು ಬಿಟ್ಟೆ. ಹೋದ ವರ್ಷ ಅವಳು ಕುಸಿದು ಕೂತ ಜಾಗ ಚಾಪೆಯಿಂದ ಎರಡು ಮೊಳ ದೂರದಲ್ಲಿತ್ತು.

ಸೂಲಗಿತ್ತಿ ನರ್ಸಮ್ಮ ಬಂದು ಹೊಟ್ಟೆಗೆ ಕೊಳವೆ ಇಟ್ಟು ತುಂಬ ಹೊತ್ತು ಮಗುವಿನ ಎದೆಬಡಿತ ಆಲಿಸಿದಳು.

"ಮಗು ಗಟ್ಟಿಯಾಗಿದೆ. ಆದ್ರೆ ಇವಳು ಈ ಚಾಪೆ ಬಿಟ್ಟು ಏಳಬಾರ್ದು. ಹೆರಿಗೆ ಆಗೋವರೆಗೆ ಒಂದು ಚೊಂಬೂ ಎತ್ತಬಾರ್ದು. ಎತ್ತಿದ್ರೆ ನನ್ನನ್ನ ಕರೀಬೇಡಿ, ಪಾದ್ರಿನ ಕರೀರಿ."

ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿ ಮಳೆ ಹಿಡಿಯಿತು. ಮನೆಯಲ್ಲಿ ಒಂದು ಲೋಟ ನೀರಿಲ್ಲ. ಪಕ್ಕದಲ್ಲಿ ಬೇಸಿನ್ನು ತುಂಬುವ ಸದ್ದು. ಸ್ವಲ್ಪ ಹೊತ್ತಿಗೆ ತೊಪಿಸ್ತಾ ಒಂದು ಚೊಂಬು ತಂದು, "ಪಾಪ, ಮಗಳಿಗೆ ಕುಡಿಸು" ಎಂದಳು. ನನ್ನ ತಗಡಿನ ನೀರನ್ನು ನನಗೇ ದಾನ ಕೊಟ್ಟಳು! ಇಸಿದುಕೊಂಡೆ. ಬೇರೆ ದಾರಿ ಇರಲಿಲ್ಲ.

ಆಗ ಹೊರಗೆ ಗೋಡೆಯಾಚೆ ಕೆಮ್ಮಿದ ಸದ್ದು. ಸುದ್ದಿ ತಡವಾಗಿ ಮುಟ್ಟಿ, ಕಯೊಂಡೊ ದೂರದ ಕೆಲಸ ಬಿಟ್ಟು ಓಡಿ ಬಂದಿದ್ದ. ಹೆಂಡತಿ ಒಳಗೆ ಮಲಗಿದ್ದಾಳೆ, ಆದರೆ ಅದು ಅತ್ತೆಯ ಸೂರು. ಒಳಗೆ ಬರುವಂತಿಲ್ಲ. ಕಿಟಕಿಯ ಸಂದಿಯಿಂದ ನೋಡಿದೆ. ಸುರಿಯುವ ಮಳೆಯಲ್ಲಿ, ಮನೆಗೆ ಬೆನ್ನು ಮಾಡಿ, ಕೆಸರಿನಲ್ಲಿ ಮಂಡಿಯೂರಿ ಕೂತಿದ್ದ. ಕೈಯಲ್ಲಿ, ದೇವರಾಣೆ, ಇನ್ನೊಂದು ಹುಂಜ.

"ಅತ್ತೆಮ್ಮ, ಚೆನ್ನಾಗಿದೀರಾ?"

"ಚೆನ್ನಾಗಿದೀನಿ ಅಳಿಯಂದ್ರೇ."

"ಮನೇಲೆಲ್ಲಾ ಹೇಗಿದಾರೆ?"

"ಮನೇಲಿರೋದು ನಿಮ್ಮ ಹೆಂಡ್ತಿ! ಬದುಕಿದಾಳೆ, ಮಗೂನೂ ಇದೆ."

"ದೇವರು ದೊಡ್ಡವನು. ಕೆಲಸಕಾರ್ಯ ಎಲ್ಲಾ ಹೇಗೆ ನಡೀತಿದೆ ಅತ್ತೆಮ್ಮ?"

ನನ್ನ ಪಿತ್ತ ನೆತ್ತಿಗೇರಿತು. ತಗಡಿನ ಮೇಲಿನ ನೀರೆಲ್ಲ ಧೋ ಎಂದು ಪಾಟಿಗೆ ಹೋಗುತ್ತಿದೆ, ಇವನು ಕೆಲಸಕಾರ್ಯ ವಿಚಾರಿಸುತ್ತಿದ್ದಾನೆ. ಹೊದ್ದ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಹೊರಗೆ ಬಂದೆ.

"ಕಯೊಂಡೊ! ಆ ಕೋಳಿ ಕೆಳಗಿಡು. ಏಣಿ ತಗೊ. ಹತ್ತು."

"ಅತ್ತೆಮ್ಮ, ನೀವು ಹೊರಗಿದ್ರೆ ನಾನು..."

"ಬಾಯಿ ಮುಚ್ಚಿ ಹತ್ತಯ್ಯಾ! ನಿನ್ನ ಮುಖ ಯಾರಿಗೆ ಬೇಕು? ನಾನು ಗುಡಾಣದ ಬಾಯಿ ನೋಡ್ತಿರ್ತೀನಿ. ನೀನು ತಗಡು ನೋಡು."

ಆಮೇಲೆ ಹುಂಜ ಕೈಬಿಟ್ಟ ಸದ್ದು, ಏಣಿ ಗೋಡೆಗೆ ತಾಗಿದ ಸದ್ದು. ನಾನು ತಲೆ ಎತ್ತಲಿಲ್ಲ, ಅವನು ಇಳಿಸಲಿಲ್ಲ. ಆ ಮಳೆಯಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟು: ಈ ಕೆಲಸದಲ್ಲಿ ಮೇಲಿನವನು ಮೇಲೆಯೇ ನೋಡಬೇಕು, ಕೆಳಗಿನವಳು ಕೆಳಗೆಯೇ ನೋಡಬೇಕು. ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ಮೊದಲ ದಿನವೇ ಹೀಗೆ ಮಾಡಬಹುದಿತ್ತು. ಇಷ್ಟು ಸಣ್ಣ ಮಾತು ನಮ್ಮಿಬ್ಬರ ತಲೆಗೂ ಹೋಗಲಿಲ್ಲವಲ್ಲ ಎಂದು ಅಲ್ಲೇ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು.

"ನಡುವಿನ ತಂತಿ ಸಡಿಲ ಮಾಡು. ಒಂದು ಬೆರಳು ಇಳಿಸು. ಈ ತುದೀದು ಎರಡು."

"ಬಂತಾ?"

"ಇಲ್ಲ. ಇನ್ನೂ ಇಳಿಸು."

ತೊಪಿಸ್ತಾ ಸೆರಗಿನಡಿ ತಲೆ ಮರೆಸಿಕೊಂಡು ಓಡಿ ಬಂದಳು. "ಅಕ್ಕ, ಒಂದ್ ಐದ್ ನಿಮಿಷ ತಡೀಬಾರ್ದಾ? ಎರಡು ಬೇಸಿನ್ನು ಬಾಕಿ ಇದೆ."

"ನಿನ್ನ ಬೇಸಿನ್ನಿನ ಮೇಲೆ ನನ್ನ ಗುಡಾಣ ಉರುಳಿಸ್ತೀನಿ, ಹೋಗು ಒಳಗೆ!"

ಅವಳ ಕಡೆ ತಿರುಗಿ ಬೈಯುತ್ತಿದ್ದಾಗಲೇ ಏಣಿಯ ಒಂದು ಕಾಲು ಕೆಸರಿನಲ್ಲಿ ಹೂತು ವಾಲಿತು. ನೋಡುತ್ತ ನಿಲ್ಲುವಷ್ಟು ಸಮಯವಿರಲಿಲ್ಲ. ಭುಜ ಕೊಟ್ಟು ಏಣಿಗೆ ಆತುಕೊಂಡೆ, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದೆ. ಸಿಕ್ಕಿದ್ದು ಅಳಿಯನ ಪಾದದ ಗಂಟು.

ಅವನು ಕಾಲು ಬಿಡಿಸಿಕೊಳ್ಳಲು ನೋಡಿದ.

"ಅತ್ತೆಮ್ಮ, ಬಿಡಿ. ಕೈ ನಡುಕ ಹಿಡಿಯತ್ತೆ. ನಿಮಗೂ, ನನಗೂ."

"ಹಿಡೀಲಿ. ಹೋದ ವರ್ಷ ಒಂದೂ ತಪ್ಪದೆ ಪಾಲಿಸಿದ್ವಲ್ಲ ಇಬ್ರೂ. ಏನು ಉಳೀತು?"

ಅನ್ನಬಾರದಿತ್ತು. ಅಂದಾಗಿತ್ತು. ಅವನ ಕಾಲು ನನ್ನ ಕೈಯಲ್ಲಿ ಒಮ್ಮೆ ಅದುರಿತು.

"ಆ ಹುಂಜ ದೋಣಿಗೆ ಕಳಿಸಿದ್ದಲ್ಲ ಅತ್ತೆಮ್ಮ" ಎಂದ. ಮಳೆಯ ಸದ್ದಿನಲ್ಲಿ ಕಿವಿಗೊಟ್ಟು ಕೇಳಬೇಕಾಯಿತು. "ಆ ಮಗೂಗೆ. ಊರಿಗೆಲ್ಲಾ ಕಟ್ಟಿದೆ. ನಿಮ್ಮ ಅಂಗಳಕ್ಕೆ ಕಾಲಿಡಬಾರ್ದು ಅಂತ ನಿಮಗೊಬ್ರಿಗೆ ಕಟ್ಟಲಿಲ್ಲ. ಕಟ್ಟಿದ್ರೆ ಅವಳು ಹೊರ್ತಿರ್ಲಿಲ್ಲ. ನೀವು ಬೇಜಾರು ಅಂದಾಗೆಲ್ಲಾ, ಅದಕ್ಕೇ ಅನ್ಕೊಂಡೆ."

ಒಂದು ವರ್ಷದಿಂದ ನಾನು ಇವನನ್ನು ಮೊದ್ದು ಎಂದುಕೊಂಡಿದ್ದೆ. ಮುಖದ ಮೇಲಿದ್ದ ಬಟ್ಟೆ ನೆನೆದು ಮೂಗಿಗೆ ಅಂಟಿಕೊಂಡಿತ್ತು, ಅದು ಒಳ್ಳೆಯದೇ ಆಯಿತು.

"ಖಾಲಿ ಕ್ಯಾನು ಬಾಗಿಲಿಗೆ ಇಟ್ಟೋಳು ನಾನಪ್ಪ" ಎಂದೆ. "ದಿನಾ ಇಟ್ಟೆ. ಇವತ್ತೂ ಇಟ್ಟಿದ್ದೆ. ನಿನ್ನದೇನಿದೆ ತಪ್ಪು?"

ಮೇಲಿನಿಂದ ಮೂಗು ಸೀಟಿದ ಸದ್ದು ಬಂತು. ಆಮೇಲೆ ಮತ್ತೆ ನನಗೇ ತಡೆಯಲಿಲ್ಲ: "ಅಳೋದಿದ್ರೆ ಆಮೇಲೆ ಅಳು. ಆ ತಂತಿ ಬಿಗಿ, ನೀರು ಹೋಗ್ತಾ ಇದೆ."

ತಂತಿ ಕಿರುಗುಟ್ಟಿತು. ದೋಣಿಯೊಳಗೆ ನೀರು ಒಮ್ಮೆ ನಿಂತಿತು, ತಡವರಿಸಿತು, ತಿರುಗಿತು. ಕಸ, ಎಲೆ, ತುಕ್ಕಿನ ಕೆಂಪು ಎಲ್ಲ ಸೇರಿ ನನ್ನ ಮುಂದೆ ದಬಕ್ಕನೆ ಬಿತ್ತು.

"ಬಂತು!" ಎಂದು ಕಿರುಚಿದೆ. "ಬಂತು, ಬಂತು!"

"ಮೊದಲ್ನೇದು ಒಳಗೆ ಬಿಡಬೇಡಿ ಅತ್ತೆಮ್ಮ! ಕೊಳೆ ಇರತ್ತೆ. ತುದಿ ಈಚೆ ತಿರುಗಿಸಿ, ಸ್ವಲ್ಪ ಹೊರಗೆ ಹೋಗ್ಲಿ!" ಈಗ ಅವನ ದನಿ ನಲವತ್ತು ಮನೆ ಕಟ್ಟಿದ ಮೇಸ್ತ್ರಿಯದಾಗಿತ್ತು. ಹೇಳಿದ ಹಾಗೆ ಮಾಡಿದೆ. ನೀರು ತಿಳಿಯಾದ ಮೇಲೆ ಗುಡಾಣದ ಬಾಯಿಗೆ ಬಿಟ್ಟೆ. ಒಳಗೆ ಅದು ಬೀಳುವ ಸದ್ದು ದಪ್ಪಗೆ ಕೇಳಿಸಿತು. ಚಾಪೆಯ ಮೇಲಿದ್ದ ನಬ್ಬೋಸ "ಅಮ್ಮ, ಅದು ನಮ್ಮದಾ?" ಎಂದು ಕೂಗಿದಳು.

"ನಮ್ಮದೇ. ಏಳಬೇಡ!" ಎಂದು ನಾವಿಬ್ಬರೂ ಒಟ್ಟಿಗೆ ಗದರಿದೆವು, ಅವನು ಮೇಲಿನಿಂದ, ನಾನು ಕೆಳಗಿನಿಂದ.

ಸಂಜೆ ಮಳೆ ನಿಂತ ಮೇಲೆ ನನ್ನ ಕೈ ನಿಜವಾಗಿಯೂ ನಡುಗುತ್ತಿತ್ತು. ತೊಪಿಸ್ತಾ ನೋಡಿಯೇಬಿಟ್ಟಳು.

"ನೋಡಿದ್ಯಾ ಅಕ್ಕ, ಒಬುಕೊ! ಮುಟ್ಟಬಾರ್ದಿತ್ತು ನೀನು."

"ಒಂದು ಗಂಡಸಿನ ಭಾರ ಎತ್ತಿ ನಿಂತಿದ್ದೆ ಕಣೆ. ಕೈ ನಡುಗದೆ ಕುಣಿಯತ್ತಾ?"

ಆದರೂ ಯಾವುದಕ್ಕೂ ಇರಲಿ ಎಂದು ಮೂರು ಹುಂಜದಲ್ಲಿ ಒಂದನ್ನು ಅಳಿಯನ ಮನೆಗೆ ಕಳಿಸಿದೆ. ತಪ್ಪು ನನ್ನದೂ ಇತ್ತಲ್ಲ.

ಮಾರನೆಯ ಬೆಳಿಗ್ಗೆ ಇನ್ನೊಂದನ್ನು ಕೊಯ್ದೆ. ಗುಡಾಣದ ನಲ್ಲಿಯಲ್ಲೇ ತೊಳೆದೆ, ಅಲ್ಲಿಂದ ಒಲೆಗೆ ನಾಲ್ಕೇ ಹೆಜ್ಜೆ, ನನ್ನ ಹಾಳು ಮಂಡಿಗೂ ಸಾಧ್ಯವಾಗುವಷ್ಟು. ಮೊದಲ ತಟ್ಟೆಯನ್ನು ನಬ್ಬೋಸಳ ಕೈಲಿ ಕೊಡಲು ಹೋದಾಗ ಅವಳು ಅರೆನಿದ್ದೆಯಲ್ಲೇ ಎದ್ದು ಕೂತು, ಚಾಪೆಯ ಸುತ್ತ ಕೈಯಾಡಿಸಿ ಏನೋ ಹುಡುಕುತ್ತಿದ್ದಳು.

"ಅಮ್ಮ, ತಡವಾಗ್ಹೋಯ್ತು, ಸಾಲು ಬೆಳೆದಿರತ್ತೆ. ನನ್ನ ಸಿಂಬೆ ಎಲ್ಲಿ?"

"ಪಾತ್ರೆ ಕೆಳಗೆ ಇಟ್ಟಿದೀನಿ. ತಳ ಬಿಸಿ ಇದೆ, ಇನ್ನು ಮೇಲೆ ಅದು ಅಲ್ಲೇ ಇರತ್ತೆ. ಉಣ್ಣು, ಬಿದ್ಕೋ."